ಕುಕ್ಕರಬಡಿದ ವಿಮಾನ

ಬೋಲ್ಟಕ್ಕನ ಕೈಗೆ ಯಂತ್ರ ಸಿಕ್ಕಿತೆಂದರೆ ಮುಗಿಯಿತು, ಬಿಚ್ಚಿ ನೋಡದೆ ಬಿಟ್ಟವಳಲ್ಲ. ಮದುವೆಯಾದ ಹೊಸತರಲ್ಲೇ ದರ್ಜಿ ಗಂಡನ ಹೊಲಿಗೆ ಯಂತ್ರವನ್ನು ಬಿಡಿಬಿಡಿಯಾಗಿ ನೆಲದ ಮೇಲೆ ಹರಡಿ ಅವನ ಜೀವ ಬಾಯಿಗೆ ಬರಿಸಿದ್ದಳು. ಆಮೇಲೆ ಪಂಪು, ಮೋಟರು, ಪರೀಕ್ಷೆ, ಲೈಸೆನ್ಸು. ಈಗ ಊರಾಚೆಯ ಶೆಡ್ಡಿನಲ್ಲಿ ಪುಟ್ಟ ಖಾಸಗಿ ವಿಮಾನಗಳ ರಿಪೇರಿ. ಬಾಯಿ ಜೋರು, ಕೆಲಸ ಅಚ್ಚುಕಟ್ಟು. ಅಂಥವಳೇ ಎಡವಿದಳು ನೋಡಿ!

ಅಂದು ಹಲ್ಲಿನ ಡಾಕ್ಟರಮ್ಮನ ಎರಡು ಸೀಟಿನ ವಿಮಾನದ ಎಂಜಿನನ್ನು ರಿಪೇರಿಗೆ ಬಿಚ್ಚಿ ತೆಗೆಯಬೇಕಿತ್ತು. ಮೂತಿಯ ಎಂಜಿನ್ ತೆಗೆದರೆ ಹಿಂಭಾಗವೇ ಭಾರವಾಗಿ ಬಾಲ ನೆಲಕ್ಕೆ ಬರುತ್ತದೆ. ಅದಕ್ಕೇ ಮೊದಲು ಬಾಲದಡಿ ಮರದ ಸ್ಟ್ಯಾಂಡ್ ಕೊಡುವುದು. ಅವಳೂ ಕೊಟ್ಟಿದ್ದಳು. ಅಷ್ಟರಲ್ಲಿ ಗಂಡ ಊಟದ ಡಬ್ಬಿ ಹಿಡಿದು ಬಂದ.

"ಕಂಬದ ಹಾಗೆ ನಿಂತಿದ್ದೀರಲ್ಲ, ಕೂತ್ಕೊಳ್ಳಿ" ಎಂದು ಅದೇ ಸ್ಟ್ಯಾಂಡನ್ನು ಎಳೆದುಕೊಟ್ಟಳು. ಉಂಡು, ಕೈ ತೊಳೆದು, ನೇರ ಹೋಗಿ ಎಂಜಿನ್ ಎತ್ತುವ ಸರಪಳಿ ಜಗ್ಗಿದಳು. ಎಂಜಿನ್ ಮೇಲೆ ಹೋಯಿತು, ವಿಮಾನ ಧೊಪ್ಪನೆ ಕುಕ್ಕರಬಡಿಯಿತು. ಬಾಲದ ತಗಡು ನೆಗ್ಗಿ, ಒಳಗಿನ ಚೌಕಟ್ಟು ಸೀಳಿತ್ತು.

ಗಂಡ ಇನ್ನೂ ಸ್ಟ್ಯಾಂಡಿನ ಮೇಲೇ ಕೂತಿದ್ದ. "ಅಯ್ಯೋ, ನಾನು ಬರಲೇಬಾರದಿತ್ತು ಕಣೇ."

"ಸುಮ್ನಿರಿ. ಎಳೆದದ್ದು ನಾನು."

ಶೆಡ್ಡಿನ ಯಜಮಾನರು ಓಡಿಬಂದು ದನಿ ತಗ್ಗಿಸಿದರು. "ತಗಡು ತಟ್ಟಿ ಬಣ್ಣ ಹೊಡೆದುಬಿಡಮ್ಮ. ಯಾರಿಗೆ ಗೊತ್ತಾಗುತ್ತೆ?"

"ಬಣ್ಣ ಹೊಡೆದ್ರೆ ಸೀಳು ಕೂಡ್ಕೊಳ್ಳುತ್ತಾ ಯಜಮಾನ್ರೇ?" ಎಂದವಳೇ ಡಾಕ್ಟರಮ್ಮನಿಗೆ ಫೋನ್ ಹಚ್ಚಿದಳು.

ಡಾಕ್ಟರಮ್ಮ ಬಂದರು, ನೆಗ್ಗಿದ ಜಾಗವನ್ನು ಬೆರಳಿಂದ ಸವರಿದರು. "ಬೇರೆ ಕಡೆ ಕೊಡ್ತೀನಿ."

ಈ ವಿಮಾನ ಹೀಗೇ ಹೊರಟುಹೋದರೆ ಇನ್ನೊಂದನ್ನು ಮುಟ್ಟಲು ತನಗೇ ಧೈರ್ಯ ಬರುವುದಿಲ್ಲವೆಂದು ಬೋಲ್ಟಕ್ಕನಿಗೆ ಗೊತ್ತಿತ್ತು.

"ಕೆಡಿಸಿದವಳು ನಾನು, ಸರಿ ಮಾಡೋಳೂ ನಾನೇ. ಆಮೇಲೆ ಯಾರನ್ನ ಬೇಕಾದ್ರೂ ಕರೆಸಿ ತೋರಿಸಿ."

"ಆಗಲಿ. ಆದ್ರೆ ಮೊದಲ ಸಲ ಹಾರಿಸುವಾಗ ನನ್ನ ಪಕ್ಕದಲ್ಲಿ ನೀವು ಕೂರ್ಬೇಕು."

"ಕೂರ್ತೀನಿ."

ಗಂಡ ಕಣ್ಣರಳಿಸಿದ. "ಸ್ಟೂಲ್ ಹತ್ತಿದ್ರೇ ತಲೆ ತಿರುಗುತ್ತಲ್ಲೇ ನಿಂಗೆ!" ನಿಜವೇ. ಇಷ್ಟು ವರ್ಷ ವಿಮಾನ ರಿಪೇರಿ ಮಾಡಿದವಳು ಒಮ್ಮೆಯೂ ಮೇಲೆ ಹೋಗಿರಲಿಲ್ಲ.

ಪಟ್ಟು ಹಿಡಿದು ಕೂತಳು. ಸೀಳಿದ ಚೌಕಟ್ಟು ತೆಗೆದು ಹೊಸದು ಕೂರಿಸಿದಳು. ರಿವೆಟ್ಟೊಂದು ಸೊಟ್ಟಗೆ ಕೂತಿತೆಂದು ಇಡೀ ಸಾಲನ್ನೇ ಬಿಚ್ಚಿ ಮತ್ತೆ ಹೊಡೆದಳು. ಎಂಜಿನನ್ನೂ ರಿಪೇರಿ ಮಾಡಿ ಮೂತಿಗೆ ಜೋಡಿಸಿದಳು. ಮನೆಯಲ್ಲೂ ಅದೇ ಧ್ಯಾನ. ಗಂಡ ಬಡಿಸಿದ್ದೇನು, ತಾನು ತಿಂದಿದ್ದೇನು, ಒಂದೂ ತಿಳಿಯದು. ಹೊರಗಿನಿಂದ ಬಂದ ಪರೀಕ್ಷಕರು ಟಾರ್ಚ್ ಬಿಟ್ಟು ಮೂಲೆಮೂಲೆ ತಡಕಾಡಿ, ಸರಿಯಿದೆ ಎಂದು ಒಪ್ಪಿಗೆ ಕೊಟ್ಟರು.

ಹಾರುವ ದಿನ ಬೆಳಿಗ್ಗೆ ಬೋಲ್ಟಕ್ಕ ಸೀಟು ಹತ್ತಿ ಬೆಲ್ಟ್ ಹಾಕಿಕೊಂಡಳು. ಬೆವರು ಕಿತ್ತು ಬರುತ್ತಿತ್ತು. ಡಾಕ್ಟರಮ್ಮ ಎಂಜಿನ್ ಶುರುಮಾಡುವ ಮೊದಲು ಅವಳತ್ತ ತಿರುಗಿದರು.

"ಭಯ ಆಗ್ತಿದ್ಯಾ?"

"ವಿಮಾನದ್ದಲ್ಲಮ್ಮ. ಎತ್ತರದ್ದು."

ಡಾಕ್ಟರಮ್ಮನ ಮುಖ ಮೆತ್ತಗಾಯಿತು. "ಹಾಗಾದ್ರೆ ಇಳೀರಿ. ನಾನೊಬ್ಬಳೇ ಹೋಗ್ತೀನಿ. ನಿಮ್ಮ ಕೆಲಸದ ಮೇಲೆ ನನಗೆ ನಂಬಿಕೆ ಬಂದಿದೆ."

ಬೋಲ್ಟಕ್ಕ ಬೆಲ್ಟನ್ನು ಇನ್ನೊಂದಿಷ್ಟು ಬಿಗಿದುಕೊಂಡಳು.

"ನಿಮಗೆ ಬಂತು. ನನಗೆ ಬರ್ಬೇಕಲ್ಲ ಡಾಕ್ಟ್ರಮ್ಮ. ನಡೀರಿ."