ಕಾರಿನ ತಲೆಗೆ ತೀರ್ಥ

ನನ್ನ ಕಾರು ನನ್ನ ಮಾತು ಕೇಳುವುದಿಲ್ಲ ಎಂದು ಗೊತ್ತಾದ ದಿನದ ಆಘಾತದಿಂದ ನಾನಿನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಮನೆಯಲ್ಲಿ ಯಾರೂ ಕೇಳುವುದಿಲ್ಲ, ಅದು ಅಭ್ಯಾಸವಾಗಿದೆ. ಆದರೆ ಆಕ್ಸಿಲರೇಟರ್ ತುಳಿದರೆ ಗಾಡಿ ಓಡುತ್ತದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ತುಳಿಯುವುದೆಂದರೆ ಬರೀ ಅರ್ಜಿ ಹಾಕಿಕೊಳ್ಳುವುದಂತೆ! ಈಗಿನ ಕಾರಿನಲ್ಲಿ ನನ್ನ ಕಾಲಿಗೂ ಎಂಜಿನ್‌ಗೂ ನೇರ ಸಂಬಂಧವೇ ಇಲ್ಲ. ನಡುವೆ ಒಂದು ಡಬ್ಬಿ ಕೂತಿದೆ. ಗಾಳಿ ಎಷ್ಟು ಬಂತು, ಎಂಜಿನ್ ಎಷ್ಟು ಬಿಸಿಯಾಯಿತು, ನಾನು ಎಷ್ಟು ತುಳಿದೆ ಎಂಬ ಸುದ್ದಿಯೆಲ್ಲ ತಂತಿಗಳಲ್ಲಿ ಅದನ್ನು ತಲುಪುತ್ತದೆ. ಎಷ್ಟು ಪೆಟ್ರೋಲ್ ಬಿಡಬೇಕು, ಯಾವಾಗ ಕಿಡಿ ಹಾರಬೇಕು ಎಂದು ಅದೇ ತೀರ್ಮಾನಿಸುತ್ತದೆ. ನನ್ನದು ತಾನೇ ಗೇರು ಬದಲಿಸುವ ಗಾಡಿಯಾದ್ದರಿಂದ ಗೇರಿಗೆ ಇನ್ನೊಂದು ಡಬ್ಬಿ. ಇವರಿಬ್ಬರೂ ಮಾತಾಡಿಕೊಂಡು ಕಾರು ಓಡಿಸುತ್ತಿದ್ದರೆ, ನಾನು ಸ್ಟಿಯರಿಂಗ್ ಹಿಡಿದು ಗತ್ತಿನಿಂದ ಕೂತಿರುತ್ತೇನೆ.

ಕಾರು ಕೊಟ್ಟ ದಿನ ಶೋರೂಮಿನವರು ಬಾನೆಟ್ ಎತ್ತಿ ಗೇರಿನ ಡಬ್ಬಿ ತೋರಿಸಿ, "ಇದೇ ಸಾರ್ ಮೆದುಳು" ಎಂದಿದ್ದರು. ಅಕ್ಕೂರಿನ ನಮ್ಮ ಮನೆಯಲ್ಲಿ ಆಯುಧಪೂಜೆಯಂದು ಆ ವಿದ್ಯೆಯನ್ನು ಅವ್ವನ ಮುಂದೆ ಪ್ರದರ್ಶಿಸಿದೆ. ಟೈರಿಗೆ ನಿಂಬೆಹಣ್ಣು ಇಟ್ಟು ಎದ್ದಿದ್ದ ಅವ್ವ ಬೆಚ್ಚಿಬಿದ್ದಳು.

"ತಲೆ ಇಲ್ಲೈತೇನ್ಲಾ? ಇಷ್ಟೊತ್ತೂ ಬರೀ ಕಾಲ್ಗೇ ಪೂಜೆ ಮಾಡ್ತಿದ್ನಲ್ಲ! ತೀರ್ಥ ತಲೆಗಲ್ವಾ ಹಾಕೋದು?"

ತರ್ಕ ಸರಿಯಾಗಿಯೇ ಇತ್ತು. ಡಬ್ಬಿಗೆ ಕುಂಕುಮ ಇಟ್ಟೆ. ಒಡೆದ ಕಾಯಿಯ ನೀರನ್ನು ಭಕ್ತಿಯಿಂದ ಅದರ ಮೇಲೆ ಸುರಿದೆ. ಭಕ್ತಿ ಸ್ವಲ್ಪ ಹೆಚ್ಚೇ ಇತ್ತು.

ಕೆಲವು ದಿನಗಳ ಮೇಲೆ ನಾನೂ ಹೆಂಡತಿ ಜಯಳೂ ಕನಕಪುರದ ಕಡೆಯಿಂದ ಚಾಕಿ ಹುಳು ತರುತ್ತಿದ್ದೆವು. ಎರಡು ಜ್ವರ ಕಳೆದ, ಅಂದರೆ ಎರಡು ಸಲ ಪೊರೆ ಕಳಚಿದ, ಎಳೆಯ ರೇಷ್ಮೆಹುಳು ಅವು. ಬಿಸಿಲ ಝಳ ತಾಗಿದರೆ ಮುಗಿಯಿತು. ಹಿಂದಿನ ಸೀಟಿನ ಮೇಲೆ ತಟ್ಟೆಗಳು, ಎ.ಸಿ. ಜೋರಾಗಿತ್ತು. ಆ ಸಲದ ಬೆಳೆಯೆಲ್ಲ ಆ ತಟ್ಟೆಗಳಲ್ಲೇ ಇತ್ತು.

ನಡುದಾರಿಯಲ್ಲಿ ಕಾರು ಜಗ್ಗಿತು. ಹಳದಿ ದೀಪ ಹತ್ತಿತು. ಎ.ಸಿ. ನಿಂತಿತು. ಗೇರು ಮೂರರಲ್ಲೇ ಕಚ್ಚಿಕೊಂಡಿತು. ತುಳಿದೆ, ಇನ್ನೂ ತುಳಿದೆ, ಬಾಯಿಗೆ ಬಂದಂತೆ ಬೈದೆ, ಸ್ಟಿಯರಿಂಗ್ ಗುದ್ದಿದೆ. ಕಾರು ಎತ್ತಿನಗಾಡಿಗಿಂತ ಒಂದಿಷ್ಟು ಮುಂದೆ, ಅಷ್ಟೇ.

"ರೀ, ಅದ್ನ ಯಾಕ್ ಬಡೀತೀರಿ? ಅದ್ಕೇನೋ ಮೈ ಸರಿಯಿಲ್ಲ. ನಿಧಾನಕ್ ನಡೀರಿ, ಹುಳ ನಾನ್ ನೋಡ್ಕತೀನಿ" ಎಂದ ಜಯ, ಕಾರು ನಿಲ್ಲಿಸಲು ಹೇಳಿ ಹಿಂದೆ ಹೋಗಿ ತಟ್ಟೆಗಳ ಪಕ್ಕ ಒತ್ತರಿಸಿ ಕೂತಳು. ಕುಡಿಯುವ ನೀರಿನಲ್ಲಿ ಟವೆಲ್ ನೆನೆಸಿ, ಬಿಸಿಲು ಬೀಳುವ ಕಿಟಕಿಗೆ ಮನೆಯವರೆಗೂ ಅಡ್ಡ ಹಿಡಿದಳು. ಕುಂಟುತ್ತಾ ಮನೆ ಮುಟ್ಟಿದೆವು. ಸೊಪ್ಪು ಹಾಕಿದಾಗ ಹುಳುಗಳು ಮೆಲ್ಲಗೆ ತಲೆಯೆತ್ತಿದವು.

ರಾಮನಗರದ ಮೆಕ್ಯಾನಿಕ್ ಗೇರಿನ ಡಬ್ಬಿಯ ಪ್ಲಗ್ ಕಿತ್ತು ತೋರಿಸಿದ. ಪಿನ್ನುಗಳಿಗೆ ಹಸಿರು ಕಿಲುಬು, ಸಂದಿಯಲ್ಲಿ ಕುಂಕುಮ!

"ಕಾಯ್ ನೀರ್ ಇಳ್ದೈತೆ ಸಾ. ಬರೋ ಸುದ್ದಿಯೆಲ್ಲ ಕಲಸೋಗೈತೆ. ಯಾವ್ದನ್ನೂ ನಂಬಕ್ಕಾಗ್ದೆ, ಗೇರ್ ಬಾಕ್ಸ್ ಉಳೀಲಿ ಅಂತ ಒಂದೇ ಗೇರಲ್ಲಿ ಮನೆಗ್ ತಂದ್ಬುಟ್ಟೈತೆ."

ನಾನು ನಿಜಕ್ಕೂ ದಂಗಾಗಿದ್ದು ಆಗ. ತಲೆ ಕೆಟ್ಟಿದ್ದ ಡಬ್ಬಿ, ತನಗೆ ತಿಳಿಯುತ್ತಿಲ್ಲವೆಂದು ತಿಳಿದು ನಿಧಾನವಾಗಿತ್ತು. ತಲೆ ನೆಟ್ಟಗಿದ್ದ ನಾನು, ಏನೂ ತಿಳಿಯದೆ ಇನ್ನೂ ಜೋರಾಗಿ ತುಳಿಯುತ್ತಿದ್ದೆ. ಜಯ ಇದನ್ನೆಲ್ಲ ಅವ್ವನಿಗೆ ಒಂದಕ್ಷರ ಬಿಡದೆ ವರದಿ ಮಾಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಈ ಸಲದ ಆಯುಧಪೂಜೆಗೆ ನಾನು ಬಾನೆಟ್ ಎತ್ತಲೇ ಇಲ್ಲ. ಅವ್ವ ಅದರ ಮೇಲೆ ಒಣ ಕುಂಕುಮ ಇಟ್ಟಳು. ಕಾಯಿ ಒಡೆದು, ನೀರಿನ ಬಟ್ಟಲು ಹಿಡಿದು ಸೀದಾ ನನ್ನ ಹತ್ತಿರ ಬಂದು ನೆತ್ತಿಯ ಮೇಲೆ ಸುರಿದಳು.

"ಗಾಡಿ ತಲೆ ನೆಟ್ಗೈತೆ ಕಣ್ಲಾ. ಒಸಿ ತಣ್ಣಗಾಗ್ಬೇಕಾದ್ದು ಇದು."