ಮನೆ ಬೆಳಗಿದ ಮಗಳಿಗೆ ಹೊದಿಸಿದ ಶಾಲು

ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ ಹೊಸಪೇಟೆಯಲ್ಲಿ ಯಾರಿಗೆ ಬೇಕಾದರೂ ಸನ್ಮಾನವಾಗುತ್ತಿತ್ತು. ಸಂಡೂರಿನ ಗುಡ್ಡದ ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಕಾಲ ಅದು. ಮೊನ್ನೆ ಮೊನ್ನೆಯ ತನಕ ಸೈಕಲ್ ತುಳಿಯುತ್ತಿದ್ದವರು ಜೀಪಿನಿಂದ ಇಳಿಯುತ್ತಿದ್ದರು. ಇಳಿದ ಕೂಡಲೇ ಯಾರಾದರೊಬ್ಬರು ಓಡಿಬಂದು ಶಾಲು ಹೊದಿಸಿ, ಹಾರ ಹಾಕಿ, ತಲೆಗೊಂದು ಪೇಟ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮರುದಿನ ಅದೇ ಫೋಟೋ ಬಸ್ ಸ್ಟ್ಯಾಂಡಿನ ಮುಂದೆ ಫ್ಲೆಕ್ಸ್ ಆಗಿ ನಿಂತಿರುತ್ತಿತ್ತು. ಇವರೇನು ಸಾಧನೆ ಮಾಡಿದ್ದಾರೆ ಎಂದು ನಾನು ಕೇಳಿದರೆ ನಮ್ಮವ್ವ, "ಹೊಲ ಇತ್ತು, ಬಾಡಿಗಿ ಕೊಟ್ಟಾರ, ಇನ್ನೇನ್ ಮಾಡಬೇಕು" ಅನ್ನುತ್ತಿದ್ದಳು.

ಆ ವರ್ಷ ನಮ್ಮ ಶಾಲೆಯಲ್ಲೂ ಒಂದು ಸನ್ಮಾನ ನಡೆಯಿತು. ಪುಸ್ತಕದೊಳಗಿನ ಮಂದಿಗೆ. ಅದರ ಹಿಂದೆ ಒಂದು ಜಗಳವಿತ್ತು. ನಮ್ಮದು ಹೆಣ್ಣುಮಕ್ಕಳ ಹೈಸ್ಕೂಲು. ಸೆಂಡಾಫ್ ದಿನ ಹತ್ತನೆಯ ತರಗತಿಯ ಒಬ್ಬೊಬ್ಬರಿಗೂ ಒಂದೊಂದು ಬಿರುದು ಕೊಡುವುದು ಮೊದಲಿನಿಂದ ಬಂದ ಪದ್ಧತಿ. ಹಿಂದಿನ ವರ್ಷ ಒಬ್ಬಳಿಗೆ "ಕನ್ನಡಿ ರಾಣಿ" ಎಂದು ಕೊಟ್ಟಿದ್ದರು. ಮರುದಿನ ಅವಳ ಅಣ್ಣ ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಬಂದು, ನಮ್ಮ ಮನೆತನದ ಮರ್ಯಾದೆ ತೆಗೆದಿರಿ ಎಂದು ಗೇಟಿನ ಮುಂದೆ ಕೂಗಾಡಿದ. ಹೆಡ್‌ಮಾಸ್ತರು ಇನ್ನು ಮೇಲೆ ಬಿರುದಿನ ಮಾತೇ ಎತ್ತಕೂಡದು ಎಂದು ಹೇಳಿಬಿಟ್ಟರು. ಯಾರೋ ಮಾಡಿದ್ದು ನಮ್ಮ ತಲೆಗೆ ಬಂತೆಂದು ನಾವು ಮುಖ ಊದಿಸಿಕೊಂಡು ಕುಳಿತೆವು.

ಆಗ ದಾರಿ ತೋರಿಸಿದ್ದು ಕನ್ನಡ ಮೇಡಂ. ಅವರು ಸ್ಟಾಫ್ ರೂಮಿನ ಬೀರುವಿನಲ್ಲಿ ನಮ್ಮ ವಯಸ್ಸಿನವರ ಕಥೆಯಿರುವ ಹತ್ತು ಹನ್ನೆರಡು ಕಾದಂಬರಿ ಇಟ್ಟಿದ್ದರು. ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಒಬ್ಬಳು ಜೋರಾಗಿ ಓದಬೇಕು, ಉಳಿದವರು ಕೇಳಬೇಕು. ಎರಡು ವರ್ಷದಲ್ಲಿ ಎಲ್ಲ ಪುಸ್ತಕಗಳೂ ಎಲ್ಲರಿಗೂ ಬಾಯಿಪಾಠವಾಗಿದ್ದವು. "ಅವರಿಗೇ ಕೊಡ್ರಿ ಬಿರುದು," ಎಂದರು ಮೇಡಂ. "ಪುಸ್ತಕದಾಗಿನ ಮಂದಿ ಕಡೆಯವರು ಯಾರೂ ಬಂದು ಗೇಟ್ ಮುಂದ ನಿಂದ್ರೋದಿಲ್ಲ." ಜೊತೆಗೆ ಒಂದು ನಿಯಮವನ್ನೂ ಮಾಡಿದರು. ಬಿರುದನ್ನು ಸ್ವೀಕರಿಸಲು ಪುಸ್ತಕದವರು ಬರಲಾರರಲ್ಲ, ಅವರ ಪರವಾಗಿ ನಮ್ಮಲ್ಲೊಬ್ಬಳು ವೇದಿಕೆ ಹತ್ತಬೇಕು, ಅವರೇ ಆಗಿ ನಾಲ್ಕು ಮಾತಾಡಬೇಕು. ಯಾರಿಗೆ ಯಾರು ಹಿಡಿಸುವುದಿಲ್ಲವೋ ಅವರ ಪರವಾಗಿ ಅವಳೇ ಹತ್ತಬೇಕು. ಬೈಯುವುದು ಸುಲಭ, ಒಂದು ಗಳಿಗೆ ಅವರ ಜಾಗದಲ್ಲಿ ನಿಂತು ನೋಡಿ ಎಂಬುದು ಮೇಡಂ ವಾದ.

ಆ ಪುಸ್ತಕಗಳನ್ನೆಲ್ಲ ನಮಗೆ ಓದಿ ಹೇಳುತ್ತಿದ್ದವಳು ನನ್ನ ಗೆಳತಿ. ಒಂದೇ ಬೆಂಚಿನವರು ನಾವು. ಸಂಡೂರು ರಸ್ತೆಯ ಒಂದು ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ದಾರಿಯುದ್ದಕ್ಕೂ ಅದಿರಿನ ಲಾರಿಗಳ ಕೆಂಧೂಳು ಮೆತ್ತಿಕೊಂಡು ಬಂದು, ಬಂದ ಮೇಲೆ ನಳದಲ್ಲಿ ಮುಖ ತೊಳೆದು, ನನ್ನ ದಾವಣಿಯ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಬೆಳಗಿನ ನಮ್ಮ ಮೊದಲ ಜಗಳ ಅದೇ. ಅವಳು ಓದಿದರೆ ಪುಸ್ತಕದೊಳಗಿನ ಮುದುಕಿ ಮುದುಕಿಯಾಗಿಯೇ, ಪೊಲೀಸ ಪೊಲೀಸನಾಗಿಯೇ ಮಾತಾಡುತ್ತಿದ್ದರು. ಓದಿನಲ್ಲಿಯೂ ಅವಳದೇ ಮೊದಲ ನಂಬರು. ನಾನು ಮೂಗಿನ ತುದಿಯಲ್ಲೇ ಸಿಟ್ಟಿದ್ದವಳು, ಬೇರೆ ಯಾರಾದರೂ ನನಗಿಂತ ಹೆಚ್ಚು ತೆಗೆದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಅವಳು ತೆಗೆದರೆ ಮಾತ್ರ ನನಗೇ ಬಂದಂತೆ ಅನಿಸುತ್ತಿತ್ತು.

ನಮ್ಮಿಬ್ಬರಿಗೂ ಬಗೆಹರಿಯದ ಜಗಳವೆಂದರೆ ಒಬ್ಬ ಕಥಾನಾಯಕಿಯದು. ಆ ಹುಡುಗಿ ತರಗತಿಗೇ ಮೊದಲಿಗಳು. ತಾಯಿ ಸಾಯುತ್ತಾಳೆ, ಇವಳು ಏಳನೆಯ ತರಗತಿಗೆ ಶಾಲೆ ಬಿಟ್ಟು ಮೂವರು ತಮ್ಮಂದಿರನ್ನು ಸಾಕುತ್ತಾಳೆ. ಕೊನೆಯ ಪುಟದಲ್ಲಿ ತಮ್ಮಂದಿರು ದೊಡ್ಡ ಸಾಹೇಬರಾಗಿ ಬಂದು ಅಕ್ಕನ ಕಾಲಿಗೆ ಬೀಳುತ್ತಾರೆ. ಪ್ರತಿ ವರ್ಷದಂತೆ ಹಂಪಿಗೇ ಪ್ರವಾಸ ಹೋದಾಗ, ಒಂದು ಮಂಟಪದ ನೆರಳಲ್ಲಿ ಬುತ್ತಿ ಬಿಚ್ಚಿಕೊಂಡು ಕುಳಿತ ನಮಗೆ ಗೆಳತಿ ಆ ಕೊನೆಯ ಅಧ್ಯಾಯ ಓದಿ ಹೇಳಿದಳು. ಇಡೀ ತರಗತಿ ಮೂಗು ಸೀಟಿಕೊಂಡಿತು. ನಾನಂತೂ ಬಿಕ್ಕಿ ಬಿಕ್ಕಿ ಅತ್ತೆ. ಅವಳು ಪುಸ್ತಕ ಮುಚ್ಚಿ ನನ್ನನ್ನು ನೋಡಿ, "ಅಳಬೇಕಾದಾಕಿ ಅಕಿ. ನೀ ಯಾಕ ಅಳ್ತೀಯಲೇ? ಮೋಸ ಹೋಗ್ಯಾಳ ಅಕಿ," ಎಂದಳು. ನನಗೆ ಸಿಟ್ಟು ಬಂದು ವಾಪಸು ಬರುವಾಗ ಬೇರೆ ಸೀಟಿನಲ್ಲಿ ಕುಳಿತೆ.

ಗೆಳತಿಯ ಅಪ್ಪನ ಜೋಳದ ಹೊಲದಲ್ಲಿ ಆಗ ಅದಿರು ಗುಡ್ಡೆ ಹಾಕುತ್ತಿದ್ದರು. ಹೊಲ ಬಾಡಿಗೆಗೆ ಹೋದ ಮೇಲೆ ಮನೆಗೆ ಬಣ್ಣ ಬಂತು, ಬಾಗಿಲಿಗೆ ಜೀಪು ಬಂತು, ಜನವರಿಯಲ್ಲಿ ಕಂಪ್ಲಿಯಿಂದ ಒಂದು ಗಂಡೂ ಬಂತು. ಹುಡುಗನಿಗೆ ಗದ್ದೆಯಿತ್ತು, ಎರಡು ಟಿಪ್ಪರುಗಳಿದ್ದವು. ಗೆಳತಿಗೆ ಹದಿನಾರು ತುಂಬಿರಲಿಲ್ಲ. ಹತ್ತನೇ ತರಗತಿ ಪಾಸಾಗಿ, ಹೊಸಪೇಟೆಯಲ್ಲೇ ಕಾಲೇಜು ಸೇರಿ, ಮುಂದೆ ಮೇಡಂ ಥರ ಪಾಠ ಹೇಳಬೇಕೆಂಬುದು ಅವಳಿಗಿದ್ದ ಒಂದೇ ಆಸೆ. ಅಪ್ಪನಿಗೆ ಹೇಳೇ ಎಂದು ನಾನು ಗಂಟುಬಿದ್ದೆ.

"ಹೇಳಿದೆ. ನಕ್ಕ. ತಲಿ ಸವರಿದ," ಎಂದಳು. "ಬೈದಿದ್ರ ನಾನೂ ಜಗಳ ಆಡ್ತಿದ್ದೆ. ಮುದ್ದು ಮಾಡೋರ ಜೋಡಿ ಹೆಂಗ ಜಗಳಾಡೋದು?"

ಅವಳಪ್ಪ ನಿಜಕ್ಕೂ ಮುದ್ದು ಮಾಡುತ್ತಿದ್ದರು. ಪೇಟೆಗೆ ಬಂದಾಗಲೆಲ್ಲ ಶಾಲೆಯ ಗೇಟಿನ ಹತ್ತಿರ ನಿಂತು, ಅವಳಿಗೂ ನನಗೂ ಮಿರ್ಚಿ ಮಂಡಕ್ಕಿ ಕಟ್ಟಿಸಿ ಕೊಟ್ಟು ಹೋಗುತ್ತಿದ್ದರು. ಮಗಳು ಯಾವ ಬೆಂಚಿನಲ್ಲಿ ಕೂರುತ್ತಾಳೆ, ಎಷ್ಟು ಅಂಕ ತೆಗೆಯುತ್ತಾಳೆ ಎಂದು ಒಂದು ದಿನವೂ ಕೇಳಿದವರಲ್ಲ. ಅದನ್ನೆಲ್ಲ ಕೇಳಬೇಕು ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸೆಂಡಾಫಿಗೆ ಪೆಂಡಾಲು, ಲಾಡು, ಮೈಕು ಎಲ್ಲ ಅವಳಪ್ಪನದೇ ಕೊಡುಗೆ. ಹಾಗಾಗಿ ಹೆಡ್‌ಮಾಸ್ತರು ಅವರನ್ನು ವೇದಿಕೆಯ ಮೇಲೆ ಅತಿಥಿಯಾಗಿ ಕೂರಿಸಿದರು. ಬಿರುದು ಕೊಡಲು ಇದ್ದದ್ದು ಒಂದೇ ಶಾಲು, ಅದೂ ಹೆಡ್‌ಮಾಸ್ತರಿಗೆ ಯಾರೋ ಹೊದಿಸಿದ್ದು. ಒಬ್ಬಳಿಗೆ ಹೊದಿಸಿ ಚಪ್ಪಾಳೆ ನಿಂತ ಕೂಡಲೇ ಎಳೆದುಕೊಂಡು ಇನ್ನೊಬ್ಬಳಿಗೆ ಹೊದಿಸುತ್ತಿದ್ದೆವು. ಹಾಸ್ಟೆಲಿನಿಂದ ಮತ್ತೆ ಮತ್ತೆ ಓಡಿಹೋಗುವ ಹುಡುಗನಿಗೆ "ಗೋಡೆ ಶೂರ". ಪುಸ್ತಕ ಮುಗಿದರೂ ತನ್ನ ಮನಸ್ಸಿನ ಮಾತು ಹೇಳದವನಿಗೆ "ಬಾಯಿ ಸತ್ತವರ ಸಂಘದ ಅಧ್ಯಕ್ಷ". ಎಲ್ಲರ ಮನೆಯ ಸುದ್ದಿ ಊರಿಗೆ ಹಂಚುವ ಅಜ್ಜಿಗೆ "ಊರ ರೇಡಿಯೋ". ಆ ಅಜ್ಜಿಯ ಪರವಾಗಿ ಹತ್ತಿದವಳು ನಾನು. "ನನಗೇನೂ ಗೊತ್ತಿಲ್ರವ್ವ. ಗೊತ್ತಿದ್ರೂ ನಾ ಹೇಳಾಕಿ ಅಲ್ಲ. ಹೇಳಿದ್ರೂ ಸುಳ್ಳು ಹೇಳಾಕಿ ಅಲ್ಲ," ಎಂದೆ. ಜನ ಬಿದ್ದು ಬಿದ್ದು ನಕ್ಕರು. ಅವಳಪ್ಪನಿಗೆ ನಕ್ಕು ನಕ್ಕು ಕೆಮ್ಮು ಬಂತು.

ಕೊನೆಯ ಬಿರುದು "ಮನೆ ಬೆಳಗಿದ ಮಗಳು". ತಮ್ಮಂದಿರನ್ನು ಸಾಕಿದ ಆ ಹುಡುಗಿಗೆ ತರಗತಿಯ ಹೆಚ್ಚುಕಡಿಮೆ ಎಲ್ಲರೂ ಒಪ್ಪಿ ಕೊಟ್ಟದ್ದು. ಅವಳನ್ನು ಕಂಡರಾಗದವಳು ನನ್ನ ಗೆಳತಿ ಒಬ್ಬಳೇ. ನಿಯಮದಂತೆ ಅವಳೇ ಹತ್ತಿದಳು. ಮೇಡಂ ಶಾಲು ಹಿಡಿದು ಹತ್ತಿರ ಬಂದಾಗ ಅವಳು ಕೈ ಅಡ್ಡ ಹಿಡಿದಳು. ಮೈಕಿನಲ್ಲಿ ಅವಳ ದನಿ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ನನ್ನ ತಮ್ಮಂದಿರು ಸಾಹೇಬ್ರಾದ್ರು. ಭಾಳ ಸಂತೋಷ. ನಾನು ಸಾಲಿ ಬಿಟ್ಟ ದಿನ ಮೇಡಂ ಒಂದು ಪಾಠ ಅರ್ಧಕ್ಕ ನಿಲ್ಲಿಸಿದ್ರು, ನಾಳೆ ಮುಗಸ್ತೀನಿ ಅಂದಿದ್ರು. ಆ ಪಾಠದಾಗ ಮುಂದೇನಾತು ಅಂತ ನನಗ ಇನ್ನೂ ಗೊತ್ತಿಲ್ಲ. ಮನಿ ಬೆಳಗಿತು ಅಂತ ಎಲ್ಲಾರೂ ಅಂತೀರಿ. ನನಗೇನು ಬೇಕಿತ್ತು ಅಂತ ಯಾರರ ಒಬ್ರು ಕೇಳಿದ್ರೇನು? ನನಗ ಶಾಲು ಬ್ಯಾಡ್ರಿ. ನನ್ನ ಸಾಲಿಗೆ ಕಳಸ್ರಿ."

ಚಪ್ಪಾಳೆ ಬಿತ್ತು ನೋಡಿ, ಅಂಥ ಚಪ್ಪಾಳೆಯನ್ನು ಆ ಪೆಂಡಾಲು ಆವತ್ತು ಕೇಳಿರಲಿಲ್ಲ. ಏನು ಆ್ಯಕ್ಟಿಂಗ್, ನಾಟಕದವರು ಕೂಡ ಸೋಲಬೇಕು ಎಂದು ನನ್ನ ಹಿಂದಿದ್ದ ಹೆಂಗಸರು ಮಾತಾಡಿಕೊಂಡರು. ಅವಳಪ್ಪ ಕಣ್ಣೊರೆಸಿಕೊಳ್ಳುತ್ತ ಎದ್ದು ಬಂದು, ಮೇಡಂ ಕೈಯಿಂದ ಶಾಲು ತೆಗೆದುಕೊಂಡು ತಾವೇ ಮಗಳಿಗೆ ಹೊದಿಸಿದರು. "ನನ್ನ ಮಗಳೂ ಮನಿ ಬೆಳಗಾಕೀನ ಅದಾಳ್ರಿ," ಎಂದು ಮೈಕಿನಲ್ಲಿ ಹೇಳಿದರು. ಮತ್ತೆ ಚಪ್ಪಾಳೆ. ಅವಳು ಅಪ್ಪನ ಎದೆಯ ಮಟ್ಟಕ್ಕೆ ನಿಂತು ಸಭೆಯಲ್ಲಿ ನನ್ನನ್ನು ಹುಡುಕಿದಳು. ಮೇಡಂ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಮರುದಿನವೇ ಮೇಡಂ ಆ ಹಳ್ಳಿಗೆ ಹೋದರು, ಜೊತೆಗೆ ನನ್ನನ್ನೂ ಕರೆದುಕೊಂಡರು. "ಆಕಿಗೆ ಇನ್ನೂ ವಯಸ್ಸಾಗಿಲ್ರಿ. ಓದಲಿ ಬಿಡ್ರಿ," ಎಂದರು. ಅವಳಪ್ಪ ಚಹಾ ತರಿಸಿದರು, ಮೇಡಂ ಮುಂದೆ ಕೈ ಕಟ್ಟಿಕೊಂಡು ನಿಂತರು. ಹುಡುಗನ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ಕಣ್ಣು ಮುಚ್ಚುವುದರೊಳಗೆ ಮೊಮ್ಮಗನ ಮದುವೆ ನೋಡಬೇಕು ಎನ್ನುತ್ತಿದ್ದಾಳೆ, ಹಿರಿಯರ ಮಾತು ಹೆಂಗೆ ಮೀರುವುದು ಎಂದರು. "ಪರೀಕ್ಷಾ ಬಿಡಸೋದಿಲ್ರಿ ಮೇಡಂ. ಮದುವಿ ಆದ್ರೇನಾತು, ಜೀಪಿನ್ಯಾಗ ಕುಂದರಿಸಿ ಕಳಸ್ತೀನಿ. ಇದು ನನ್ನ ಮಾತು." ಮದುವೆ ನಿಲ್ಲಿಸುವವರು ಯಾರಾದರೂ ಇದ್ದಾರೆಯೇ ಎಂದು ಮೇಡಂ ಪೇಟೆಯಲ್ಲಿ ಒಂದೆರಡು ಕಡೆ ಓಡಾಡಿದರು. ಆ ವರ್ಷ ಆ ರಸ್ತೆಯ ಹಳ್ಳಿಗಳಲ್ಲಿ ಅಂಥ ಮದುವೆಗಳು ಬೇಕಾದಷ್ಟಿದ್ದವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರ್ಚಿನಲ್ಲಿ ಮದುವೆಯಾಯಿತು.

ಪರೀಕ್ಷೆಗೆ ನನ್ನ ಮುಂದಿನ ಡೆಸ್ಕು ಅವಳದು. ಸೀಮೆಸುಣ್ಣದಲ್ಲಿ ನಂಬರು ಬರೆದಿದ್ದರು. ಕನ್ನಡ ಪೇಪರಿನ ದಿನ ಆ ಡೆಸ್ಕು ಖಾಲಿಯಿತ್ತು. ಹಿಂದಿನ ರಾತ್ರಿಯೇ ಕಂಪ್ಲಿಯಲ್ಲಿ ಆ ಅಜ್ಜಿ ತೀರಿಕೊಂಡಿದ್ದಳೆಂದು ಆಮೇಲೆ ತಿಳಿಯಿತು. ಸಾವಿನ ಮನೆಯಿಂದ ಹೊಸ ಸೊಸೆ ಹೊರಗೆ ಕಾಲಿಡುವಂತಿಲ್ಲ, ಬಂದ ಜನಕ್ಕೆ ಬೇಯಿಸಿ ಹಾಕಬೇಕು. ನನಗೆ ಬಂದ ಸಿಟ್ಟು ಯಾರ ಮೇಲೆಂದು ಇವತ್ತಿಗೂ ಹೇಳಲಾರೆ. ಸತ್ತ ಮುದುಕಿಯನ್ನೂ ಮನಸ್ಸಿನಲ್ಲಿ ಬೈದೆ. ಮುಂದಿನ ಪೇಪರುಗಳಿಗೂ ಆ ಡೆಸ್ಕು ಖಾಲಿಯೇ ಉಳಿಯಿತು.

ಕೊನೆಯ ದಿನ ಸಮಾಜ ವಿಜ್ಞಾನ. ಗಂಟೆ ಹೊಡೆಯುವ ಹೊತ್ತಿಗೆ ಅವಳು ಬಂದಳು. ಕೈ ತುಂಬ ಹಸಿರು ಬಳೆ, ತಲೆ ತುಂಬ ಸೆರಗು. ಮೇಲ್ವಿಚಾರಕರು ಹಾಲ್ ಟಿಕೆಟ್ಟಿನ ಫೋಟೋವನ್ನೂ ಅವಳನ್ನೂ ನಾಲ್ಕು ಸಲ ನೋಡಿದರು. ಕುಳಿತವಳು ತಲೆ ಎತ್ತಲಿಲ್ಲ. ಬಳೆ ಸದ್ದು ಮಾಡುತ್ತವೆಂದು ಮೊಣಕೈವರೆಗೆ ಏರಿಸಿಕೊಂಡು ಬರೆದಳು, ಮತ್ತೆ ಮತ್ತೆ ಕೈ ಎತ್ತಿ ಹಾಳೆ ಕೇಳಿದಳು. ನಾನು ನನ್ನ ಪೇಪರು ಬಿಟ್ಟು ಅವಳ ಬೆನ್ನನ್ನೇ ನೋಡುತ್ತಿದ್ದೆ.

ಹೊರಗೆ ಬಂದ ಮೇಲೆ ತಡೆಯಲಾರದೆ ಕೇಳಿದೆ. "ಒಂದ ಪೇಪರ್ ಬರೆದ್ರ ಪಾಸ್ ಹೆಂಗ ಆಗ್ತೀಯೇ?"

"ಆಗಂಗಿಲ್ಲ, ಗೊತ್ತೈತಿ," ಎಂದಳು. "ದಿನಾ ಅತ್ತಿ ಮನ್ಯಾಗ ಕೇಳಿದೆ. ಇವತ್ತು ಹೂಂ ಅಂದ್ರು. ಬಂದೆ." ಗೇಟಿನ ಹೊರಗೆ ಗಂಡನ ಮನೆಯವರ ಜೀಪು ಹಾರ್ನ್ ಹೊಡೆಯಿತು. ಬಳೆಗಳನ್ನು ಕೆಳಗಿಳಿಸಿಕೊಂಡು, ಸೆರಗು ಸರಿ ಮಾಡಿಕೊಂಡು ಹೋದಳು.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಶಾಲೆಯ ವರಾಂಡದಲ್ಲಿ ಪಟ್ಟಿ ಅಂಟಿಸಿದ್ದರು. ನನ್ನ ಅಂಕ ನೋಡಿಕೊಂಡು ಹಿಂತಿರುಗಿದರೆ ಅವಳಪ್ಪ ನಿಂತಿದ್ದಾರೆ, ಬಿಳಿ ಅಂಗಿ, ಕೈಯಲ್ಲಿ ಪೇಢೆಯ ಡಬ್ಬಿ. "ಇಂಗ್ಲೀಷ್‌ನಾಗ ಐತಿ, ತಿಳೀವಲ್ದು. ಪರೀಕ್ಷಾ ಬರಸೀವಿ ಅಂತ ಬೀಗರು ಹೇಳ್ಯಾರ. ನಮ್ಮಾಕಿದು ಓದಿ ಹೇಳವ್ವ," ಎಂದರು.

ನಾನು ಅವಳ ನಂಬರಿನ ಮೇಲೆ ಬೆರಳಿಟ್ಟು ಓದಿದೆ. ಕನ್ನಡ, ಗೈರು. ಇಂಗ್ಲಿಷ್, ಗೈರು. ಹಿಂದಿ, ಗೈರು. ಗಣಿತ, ಗೈರು. ವಿಜ್ಞಾನ, ಗೈರು. ಸಮಾಜ, ತೊಂಬತ್ತೊಂದು.

"ನೂರಕ್ಕ?"

"ಹೂಂ ರೀ ಕಾಕಾ."

"ನಿನಗೆಷ್ಟು ಬಂತವ್ವ ಅದರಾಗ?"

"ಅರವತ್ತೆಂಟು. ಅಕಿದ ಎಲ್ಲಾರಕ್ಕಿಂತ ಹೆಚ್ಚು."

ಅವರು ಪಟ್ಟಿಯನ್ನೇ ನೋಡುತ್ತ ನಿಂತರು. "ಇಷ್ಟು ಶಾಣ್ಯಾಕಿ ಅಂತ ನನಗ ಯಾರೂ ಹೇಳಲೇ ಇಲ್ಲಲ್ಲವ್ವ," ಎಂದರು.

ನನಗೆ ತಡೆದುಕೊಳ್ಳಲಾಗಲಿಲ್ಲ. "ಅಕೀನ ಹೇಳಿದ್ಲಲ್ರೀ ಕಾಕಾ. ಮೈಕಿನ್ಯಾಗ, ಎಲ್ಲಾರ ಮುಂದ ಹೇಳಿದ್ಲು. ನೀವು ಶಾಲು ಹೊದಿಸಿದ್ರಿ."

ಅವರು ಪೇಢೆಯ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ನನ್ನ ಪಕ್ಕಕ್ಕೆ ಸರಿದು, ಅವಳ ನಂಬರಿನ ಮೇಲೆ ತಮ್ಮ ಬೆರಳಿಟ್ಟರು.

"ಇನ್ನೊಮ್ಮೆ ಓದವ್ವ," ಎಂದರು. "ಮ್ಯಾಲಿಂದ ಓದು."