ರೊಟ್ಟಿ ಬಿಸಿ ಅದಾವ

ಬನಹಟ್ಟಿಯಲ್ಲಿ ನನ್ನದು ಮೈಕ್‌ಸೆಟ್ಟಿನ ದಂಧೆ. ಮದುವೆ, ಪುರಾಣ, ಚುನಾವಣೆ, ಎಲ್ಲಕ್ಕೂ ಸ್ಪೀಕರ್ ಕಟ್ಟುತ್ತೇನೆ. ಭಾಷಣ ಕೇಳಿ ಕೇಳಿ ಒಂದು ಚಟ ಹತ್ತಿದೆ, ಮಾತಿನ ಅರ್ಥ ಬಿಟ್ಟು ಅದರ ಕಸರತ್ತು ನೋಡುವ ಚಟ. ಚಪ್ಪಾಳೆ ಬೇಕಾದಾಗ ಪಳಗಿದವರು ದನಿ ಏರಿಸುವುದಿಲ್ಲ, ಇಳಿಸುತ್ತಾರೆ. ಜನ ಕಿವಿಗೊಟ್ಟು ಮುಂದೆ ಬಾಗುತ್ತಾರೆ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ, ಕಡೆಗೊಮ್ಮೆ ಅರ್ಧಕ್ಕೆ ನಿಲ್ಲಿಸಿದರೆ ಉಳಿದರ್ಧವನ್ನು ಜನರೇ ಕೂಗುತ್ತಾರೆ. ಬಾಯಿಂದ ಕೂಗಿದ್ದನ್ನು ಆಮೇಲೆ ನಂಬುತ್ತಾರೆ. ಇದನ್ನೆಲ್ಲ ನೋಡಿ ನಾನು ಒಳಗೊಳಗೇ ನಗುತ್ತಿದ್ದೆ, ನಮ್ಮ ಮನೆಯ ಮಾತು ಅವರ ಬಾಯಿಗೆ ಸಿಗುವ ತನಕ.

ಅಕ್ಕನ ಗಂಡ, ನಮ್ಮ ಮಾಮಾ, ಬೇರೆಯವರ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುತ್ತಿದ್ದ. ಒಂದು ಮುಂಜಾನೆ ಅಕ್ಕ ಏಳುವುದು ತಡವಾಯಿತು. ಆಕೆ ಇನ್ನೂ ರೊಟ್ಟಿ ಬಡಿಯುತ್ತಿದ್ದಳು.

"ಹೊತ್ತಾತು, ಆಮ್ಯಾಲ ಬಂದ ಉಣ್ತೀನಿ" ಎಂದು ಮಾಮಾ ಹೊರಟುಬಿಟ್ಟ. ಶೆಡ್ಡಿನ ಬಾಗಿಲಲ್ಲೇ ಎದೆ ಹಿಡಿದುಕೊಂಡು ಕುಸಿದ. ಆ ಸಾವಿನಲ್ಲಿ ಯಾವ ಸರಕಾರದ ತಪ್ಪೂ ಇರಲಿಲ್ಲ.

ನಮ್ಮ ಕಡೆ ಸತ್ತವರ ಮನೆಗೆ ಮಾತಾಡಿಸಲು ಯಾರಾದರೂ ಬಂದರೆ ಮನೆಯ ಹೆಂಗಸು ಹಾಡಿಕೊಂಡು ಅಳುತ್ತಾಳೆ. ಪ್ರತಿ ಸಲ ಹೊಸಬರು ಹೊಸ್ತಿಲು ದಾಟಿದಾಗ ಅಳು ಮತ್ತೆ ಮೊದಲಿನಿಂದ ಏಳುತ್ತದೆ. ಅಕ್ಕ ಅಳುತ್ತಿದ್ದುದು ಒಂದೇ ಸಾಲು.

"ರೊಟ್ಟಿ ಬಿಸಿ ಅದಾವೋ ನನ್ನ ದೊರಿಯೇ, ಉಂಡಾದ್ರೂ ಹೋಗಬಾರದಿತ್ತೇನೋ."

ತಡವಾಗಿ ಎದ್ದದ್ದನ್ನು ಆಕೆ ಊರಿಗೆ ಹೇಳಲಿಲ್ಲ. ಆ ಸಾಲಿನಲ್ಲಿ ಗಂಡನಿಗೆ ಮಾತ್ರ ಹೇಳಿಕೊಳ್ಳುತ್ತಿದ್ದಳು.

ಚುನಾವಣೆ ಹತ್ತಿರ ಬಂದಿತ್ತು. ಲೋಕಸಭೆಗೆ ನಿಂತಿದ್ದ ಸಾಹೇಬರೂ ಮಾತಾಡಿಸಲು ಬಂದರು. ರೂಢಿಯಂತೆ ಅಕ್ಕ ಅವರೆದುರೂ ಅತ್ತಳು. ಅವರು ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳಿದರು. ದೊಡ್ಡ ಮನಸ್ಸಿನವರು ಎಂದುಕೊಂಡೆ.

ಅದೇ ವಾರ ಬನಹಟ್ಟಿಯಲ್ಲಿ ಸಭೆ. ಮೈಕು ನನ್ನದೇ.

"ನಿಮ್ಮೂರಾಗ ನನ್ನ ತಂಗಿ ಒಬ್ಬಾಕಿ ಅದಾಳ್ರಿ" ಎಂದು ಸಾಹೇಬರು ದನಿ ಇಳಿಸಿದರು. "ಮಗ್ಗಕ್ಕ ಕೆಲಸಿಲ್ಲಂತ ಆಕಿ ಗಂಡ ಎದಿ ಒಡದ ಸತ್ತ. ರೊಟ್ಟಿ ಬಿಸಿ ಅದಾವ್ರಿ, ಉಣ್ಣಾಂವ ಇಲ್ಲ." ಮತ್ತೊಮ್ಮೆ ಅಂದರು. ಆಮೇಲೆ "ರೊಟ್ಟಿ ಬಿಸಿ ಅದಾವ..." ಎಂದು ಸುಮ್ಮನೆ ಜನರನ್ನು ನೋಡಿದರು.

"ಉಣ್ಣಾಂವ ಇಲ್ಲ!" ಎಂದು ಮೈದಾನವೇ ಕೂಗಿತು. ನನ್ನ ಸ್ಪೀಕರುಗಳು ಅದನ್ನು ಅಕ್ಕನ ಮನೆಯವರೆಗೂ ಮುಟ್ಟಿಸಿದವು.

"ಸಾಹೇಬ್ರು ನಿಮ್ಮ ಮನಿ ಸುದ್ದಿನ ಹೇಳಿದ್ರಲ್ಲಬೇ!" ಎಂದು ನೆರೆಯವರು ಹಿಗ್ಗಿ ಬಂದರು. ಅಕ್ಕ ಎದ್ದು ಒಳಗೆ ಹೋದಳು.

ಮುಧೋಳದ ಸಭೆಗೂ ನನ್ನದೇ ಮೈಕು. ಅಲ್ಲಿ ಮಾಮಾ ಕಬ್ಬಿನ ರೈತನಾದ. ಕಟಾವಿಗೆ ಜನ ಸಿಗದೆ ಕಬ್ಬು ನಿಂತಲ್ಲೇ ಒಣಗಿತು, ಆತ ಎದೆಯೊಡೆದು ಸತ್ತ. ರೊಟ್ಟಿ ಮಾತ್ರ ಹಾಗೇ ಬಿಸಿಯಾಗಿತ್ತು. ನನಗೆ ತಡೆಯಲಾಗಲಿಲ್ಲ, ಸಾಹೇಬರು ವೇದಿಕೆ ಇಳಿಯುವುದನ್ನೇ ಕಾದು ಅಡ್ಡ ನಿಂತೆ.

"ನಮ್ಮ ಮಾಮಾ ಕಬ್ಬ ಹಚ್ಚಿದಾಂವ ಅಲ್ರೀ. ಮುಂಜಾನೆ ಉಣ್ಣದ ಕೆಲಸಕ್ಕ ಹ್ವಾದಾಂವರಿ, ಅಷ್ಟ."

ಅವರು ಸಿಟ್ಟಾಗಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ಅಷ್ಟ ಹೇಳಿದ್ರ ಯಾರ ಕೇಳ್ತಾರೋ ತಮ್ಮಾ?" ಎಂದರು.

ಬೀಳಗಿಯ ಸಭೆಗೆ ಬೇರೆಯವರ ಮೈಕು ಬಂತು. ನಾನು ಹೋಗಿ ಜನರ ನಡುವೆ ನಿಂತೆ. ಅಲ್ಲಿ ಮಾಮಾ ಅಣೆಕಟ್ಟಿನ ಹಿನ್ನೀರಿಗೆ ಮನೆ ಕಳೆದುಕೊಂಡವನಾಗಿದ್ದ. ಪಕ್ಕದಲ್ಲಿ ನಿಂತ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಖರೆ ಐತಿ ಯಪ್ಪಾ, ನಮ್ಮ ಮನಿನೂ ಹಂಗ ಮುಳಗಿತು" ಎಂದಳು. ಆಕೆಯ ಕಣ್ಣೀರು ಸುಳ್ಳಲ್ಲ. ಸುಳ್ಳೆಂದು ಕೂಗಬೇಕೆಂದು ಬಂದವನು ಕೂಗದೆ ಹಿಂದೆ ಸರಿದೆ. ಸಭೆ ಮುಗಿಯುವ ಮೊದಲೇ ಬಸ್ಸು ಹತ್ತಿದೆ.

ಚುನಾವಣೆ ಮುಗಿಯಿತು, ಆ ಸಾಲು ಮುಗಿಯಲಿಲ್ಲ. ಚಹಾದಂಗಡಿಯಲ್ಲಿ ಯಾರಾದರೂ ತಡವಾಗಿ ಬಂದರೆ "ರೊಟ್ಟಿ ಬಿಸಿ ಅದಾವಲೇ" ಎಂದು ನಗುವವರಿದ್ದರು. ಅವರ ಮೇಲೆ ಕೈ ಎತ್ತುವಷ್ಟು ಸಿಟ್ಟು ಬರುತ್ತಿತ್ತು. ಎಷ್ಟು ಜನರ ಬಾಯಿ ಮುಚ್ಚಿಸಲಿ?

ಮಾಮಾ ಸತ್ತ ವರ್ಷದ ದಿನ ಓಣಿಯ ಹೆಂಗಸರೆಲ್ಲ ಸೇರಿದ್ದರು. ಫೋಟೊಕ್ಕೆ ಹಾರ ಹಾಕಿ, ಮುಂದೆ ಎಡೆ ಇಟ್ಟು, ಅಕ್ಕ ನೆಲಕ್ಕೆ ಕೂತಳು. ಸೆರಗು ಮುಖಕ್ಕೆಳೆದುಕೊಂಡು ಶುರು ಮಾಡಿದಳು.

"ರೊಟ್ಟಿ ಬಿಸಿ ಅದಾವೋ..."

ಉಸಿರೆಳೆದುಕೊಳ್ಳಲು ನಿಂತಳು. ಅಷ್ಟರಲ್ಲಿ ಸುತ್ತ ಕೂತ ಹೆಂಗಸರು, ಕೇಡಿನಿಂದಲ್ಲ, ರೂಢಿಯಿಂದ, ಮೆಲ್ಲಗೆ "ಉಣ್ಣಾಂವ ಇಲ್ಲ" ಎಂದರು. ಅಂದವರೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಕ್ಕ ಸೆರಗು ಸರಿಸಿದಳು. ಕಣ್ಣು ಒಣಗಿತ್ತು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ, "ತಮ್ಮಾ, ಆ ಮೈಕ್ ಬಂದ್ ಮಾಡೋ" ಎಂದಳು.

ಮನೆಯಲ್ಲಿ ಮೈಕು ಇರಲಿಲ್ಲ.